ಬೆಟ್ಟಕ್ಕೆ ಹೊರುವ ಕೇಬಲ್: ಆಕ್ಷೇಪಗಳಿಗೆ ಉತ್ತರ

ಐದೋ ಹತ್ತೋ ವ್ಯಾಟಿನ ಪುಟ್ಟ ರೇಡಿಯೋ ಇಟ್ಟುಕೊಂಡು ಬೆಟ್ಟ ಹತ್ತಿ, ಎಚ್‌ಎಫ್ ಬ್ಯಾಂಡುಗಳಲ್ಲಿ ಮಾತಾಡುವ ಹ್ಯಾಮ್‌ಗೆ ತೆಳು ಕೋಯಾಕ್ಸ್ ಕೇಬಲ್ ಸಾಕು, ಅದೂ ಹತ್ತು ಮೀಟರಿಗಿಂತ ಹೆಚ್ಚು ಬೇಡ ಎಂದು ಹಿಂದೊಮ್ಮೆ ಬರೆದಿದ್ದೆ. ಆರ್‌ಜಿ-174, ಆರ್‌ಜಿ-316 ಎಂದು ಎರಡು ಹೆಸರನ್ನೂ ಹೇಳಿದ್ದೆ. ಅಷ್ಟಕ್ಕೇ ಹಿರಿಯರು, ಕಿರಿಯರು ಎನ್ನದೆ ಎಲ್ಲರೂ ಮುಗಿಬಿದ್ದಿದ್ದಾರೆ. ಕೆಲವರ ಮಾತಿನಲ್ಲಿ ತಿರುಳಿದೆ, ಅದನ್ನು ಒಪ್ಪುತ್ತೇನೆ. ಉಳಿದವು ಶ್ಯಾಕಿನಿಂದ ಶ್ಯಾಕಿಗೆ ಹರಿದು ಬಂದ ನಂಬಿಕೆಗಳು, ಯಾರೂ ಕೂತು ಲೆಕ್ಕ ಹಾಕಿ ನೋಡಿದವಲ್ಲ. ಇಲ್ಲಿ ಲೆಕ್ಕ ಹಾಕೋಣ.

ಎಲ್ಲರೂ ಎತ್ತಿದ ಮೊದಲ ಮಾತು, ತೆಳು ಕೇಬಲ್ ಪವರ್ ತಿಂದುಹಾಕುತ್ತದೆ ಎಂಬುದು. ಹೌದು, ತಿನ್ನುತ್ತದೆ. ಎಷ್ಟು ತಿನ್ನುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಕೇಬಲ್ ತಯಾರಕರ ಪಟ್ಟಿಗಳು ನಷ್ಟವನ್ನು ನೂರು ಮೀಟರಿಗೋ ನೂರು ಅಡಿಗೋ ಲೆಕ್ಕ ಹಾಕಿ ಕೊಡುತ್ತವೆ. 14 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-174ರ ನಷ್ಟ ನೂರು ಮೀಟರಿಗೆ ಸುಮಾರು 12 ಡೆಸಿಬೆಲ್. ಅಂದರೆ ಈ ತುದಿಯಲ್ಲಿ 16 ವ್ಯಾಟ್ ತುಂಬಿದರೆ ಆ ತುದಿಯಲ್ಲಿ ಹೊರಬರುವುದು ಒಂದೇ ವ್ಯಾಟ್. ಇದನ್ನು ನೋಡಿದ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಕುಮಾರಪರ್ವತದ ನೆತ್ತಿಗೆ ನೂರು ಮೀಟರ್ ಕೇಬಲ್ ಹೊತ್ತುಕೊಂಡು ಹೋಗುವವರು ಯಾರು? ಅಲ್ಲಿ ಬೇಕಾಗುವುದು ಕೋಲಿನ ತುದಿಯಿಂದ ಮಡಿಲಿನ ರೇಡಿಯೋದವರೆಗಿನ ದೂರ. ಎಂಟು ಮೀಟರ್, ಬಹಳವೆಂದರೆ ಹತ್ತು.

ಹತ್ತು ಮೀಟರಿಗೆ 1.2 ಡೆಸಿಬೆಲ್. ಐದು ವ್ಯಾಟ್ ಕೊಟ್ಟರೆ ಆಂಟೆನಾಕ್ಕೆ ಸುಮಾರು 3.8 ವ್ಯಾಟ್ ಸೇರುತ್ತದೆ. ಅಷ್ಟೇ ಉದ್ದದ ಆರ್‌ಜಿ-58 ಆದರೆ ಸುಮಾರು 4.4, ಬೆರಳುಗಾತ್ರದ ಎಲ್‌ಎಂಆರ್-400 ಆದರೆ 4.8. ಎರಡು ಕೊನೆಗಳ ನಡುವಿನ ಅಂತರ ಒಂದು ಡೆಸಿಬೆಲ್‌ಗೆ ಚೂರು ಹೆಚ್ಚು. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟದ ಒಂದನೇ ವಲಯ 1981ರಲ್ಲಿ ಒಪ್ಪಿಕೊಂಡ ಮಾನದಲ್ಲಿ ಒಂದು ಎಸ್ ಯೂನಿಟ್ ಎಂದರೆ 6 ಡೆಸಿಬೆಲ್. ಅಲ್ಲಿಗೆ ನಾವು ಜಗಳವಾಡುತ್ತಿರುವುದು ಒಂದು ಎಸ್ ಯೂನಿಟಿನ ಆರನೇ ಒಂದು ಪಾಲಿಗೆ. ಅತ್ತ ಕೇಳುವವರ ಮೀಟರಿನ ಮುಳ್ಳು ಅದಕ್ಕೆ ಅಲುಗುವುದೂ ಅನುಮಾನ. ಅಯಾನುಗೋಳದ ಏರಿಳಿತಕ್ಕೆ ಅದೇ ಮುಳ್ಳು ಒಂದು ನಿಮಿಷದಲ್ಲಿ ಮೂರು ಎಸ್ ಯೂನಿಟ್ ಓಲಾಡುತ್ತಿರುತ್ತದೆ.

ಇದಕ್ಕೆ ಮರುವಾದ ಸಿದ್ಧವಾಗಿತ್ತು. "ನೂರು ವ್ಯಾಟ್ ಇದ್ದವನು ಇಪ್ಪತ್ತು ಕಳೆದುಕೊಳ್ಳಬಹುದು. ಇರುವುದೇ ಐದು ವ್ಯಾಟ್, ಅದರಲ್ಲೂ ಒಂದನ್ನು ಕಳೆದುಕೊಂಡರೆ ಉಳಿಯುವುದೇನು?" ಕೇಳಲು ಸರಿಯೆನಿಸುವ ಮಾತು. ಆದರೆ ಡೆಸಿಬೆಲ್ ಎಂಬುದು ಅನುಪಾತ. ನೂರರಿಂದ ಎಪ್ಪತ್ತಾರಕ್ಕೆ ಇಳಿದರೂ ಐದರಿಂದ 3.8ಕ್ಕೆ ಇಳಿದರೂ ಅತ್ತ ಕೇಳುವವರಿಗೆ ಆಗುವ ವ್ಯತ್ಯಾಸ ಒಂದೇ. ಐದು ವ್ಯಾಟಿಗೆ ಸಿಕ್ಕ ಸ್ಟೇಷನ್ 3.8ಕ್ಕೆ ಸಿಗದೆ ಹೋಗುವ ಗಡಿಯಂಚಿನ ಪ್ರಸಂಗ ಇಲ್ಲವೆಂದಲ್ಲ. ಅಂಥ ಕಡೆ ಇನ್ನೊಂದು ಡೆಸಿಬೆಲ್ ಎಲ್ಲಿಂದ ತರಬಹುದು ಎಂದು ನೋಡಿದರೆ ಅದು ಕೇಬಲ್‌ನಲ್ಲಿಲ್ಲ, ಕೋಲಿನ ತುದಿಯಲ್ಲಿದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆಯೇ. ಪಶ್ಚಿಮಘಟ್ಟದ ನೆತ್ತಿಗಳಲ್ಲಿ ಹೆಚ್ಚಿನವು ಹುಲ್ಲುಗಾವಲು. ಆಂಟೆನಾ ನೇತುಹಾಕಲು ಎತ್ತರದ ಮರ ಸಿಗುವುದಿಲ್ಲ. ಹಾಗಾಗಿ ಒಂದರೊಳಗೊಂದು ಸೇರುವ ಫೈಬರ್‌ಗ್ಲಾಸ್ ಕೋಲನ್ನು ಹೊತ್ತೊಯ್ದು, ಅದರ ತುದಿಗೆ ಡೈಪೋಲಿನ ನಡುವನ್ನು ಕಟ್ಟಿ, ಎರಡು ತೋಳುಗಳನ್ನೂ ಇಳಿಜಾರಾಗಿ ನೆಲದತ್ತ ಎಳೆದು ಕಟ್ಟುವುದು ರೂಢಿ. ಆ ಕೋಲಿನ ಮೇಲಿನ ಎರಡು ತುಂಡುಗಳು ಪೆನ್ಸಿಲ್ಲಿಗಿಂತ ತೆಳ್ಳಗಿರುತ್ತವೆ. ಕೋಲಿನಿಂದ ಆರು ಮೀಟರ್ ಕೇಬಲ್ ನೇತಾಡುತ್ತದೆ ಎಂದಿಟ್ಟುಕೊಳ್ಳಿ. ಆರ್‌ಜಿ-174 ಮೀಟರಿಗೆ ಸುಮಾರು 12 ಗ್ರಾಂ ತೂಗುತ್ತದೆ, ಒಟ್ಟು 70 ಗ್ರಾಂ ಚಿಲ್ಲರೆ. ಆರ್‌ಜಿ-58 ಆದರೆ ಇನ್ನೂರು ಗ್ರಾಂ ದಾಟುತ್ತದೆ. ಎಲ್‌ಎಂಆರ್-400 ಆದರೆ 600 ಗ್ರಾಂ, ಆರ್‌ಜಿ-213 ಆದರೆ 900 ಗ್ರಾಂ ಆಸುಪಾಸು. ತೂಕ ಹೆಚ್ಚಿದಂತೆ ತುದಿ ಬಾಗುತ್ತದೆ. ಬಾಗದಿರಲಿ ಎಂದು ಮೇಲಿನ ತುಂಡುಗಳನ್ನು ಒಳಗೇ ಬಿಟ್ಟು ಗಟ್ಟಿ ತುಂಡಿಗೆ ಕಟ್ಟಿದರೆ ಆಂಟೆನಾ ಇನ್ನೂ ಕೆಳಗಿಳಿಯುತ್ತದೆ.

ಕೆಳಗಿಳಿದರೆ ಏನಾಗುತ್ತದೆ? ಸಮತಟ್ಟು ನೆಲದ ಮೇಲಿನ ಸಮತಲ ಡೈಪೋಲಿಗೆ ಹಾಕುವ ಸರಳ ಲೆಕ್ಕವನ್ನೇ ತೆಗೆದುಕೊಳ್ಳೋಣ. 14 ಮೆಗಾಹರ್ಟ್ಸ್‌ನಲ್ಲಿ ದೂರದೇಶಕ್ಕೆ ಬೇಕಾಗುವುದು ಕ್ಷಿತಿಜದಿಂದ ಸ್ವಲ್ಪವೇ ಮೇಲಿನ ಕೋನ, 15 ಡಿಗ್ರಿ ಎನ್ನಿ. ಆ ಕೋನದಲ್ಲಿ ಐದು ಮೀಟರ್ ಎತ್ತರದ ಡೈಪೋಲಿಗಿಂತ ಆರು ಮೀಟರ್ ಎತ್ತರದ್ದು ಸುಮಾರು ಒಂದೂವರೆ ಡೆಸಿಬೆಲ್ ಹೆಚ್ಚು ಕಳಿಸುತ್ತದೆ. ಒಂದೇ ಮೀಟರ್! ಇಳಿಜಾರಿನ ತುದಿಯಲ್ಲಿ ನಿಂತಾಗ ಅಂಕಿ ಬದಲಾಗುತ್ತದೆ, ನೆಲದ ತೇವಕ್ಕೆ ತಕ್ಕಂತೆಯೂ ಬದಲಾಗುತ್ತದೆ. ಆದರೂ ದಪ್ಪ ಕೇಬಲ್ ಉಳಿಸಿಕೊಟ್ಟ ಒಂದು ಡೆಸಿಬೆಲ್ಲನ್ನು ಅದೇ ಕೇಬಲ್ಲಿನ ತೂಕ ಬಾಗಿಸಿದ ಕೋಲು ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಪವರ್ ತಿನ್ನುತ್ತದೆ ಎಂದು ಹೆದರಿದವರು ಆಂಟೆನಾದ ಎತ್ತರವನ್ನು ಲೆಕ್ಕಕ್ಕೇ ತಂದುಕೊಳ್ಳಲಿಲ್ಲ.

ಒಬ್ಬರು ಇನ್ನೊಂದು ಮಗ್ಗುಲಿನಿಂದ ಬಂದರು. ಕಳಿಸುವುದು ಹಾಗಿರಲಿ, ಕ್ಷೀಣ ಸಿಗ್ನಲ್ ಕೇಳಿಸಿಕೊಳ್ಳುವುದಕ್ಕೆ ನಷ್ಟ ಅಡ್ಡಿಯಲ್ಲವೆ ಎಂದರು. ಎಚ್‌ಎಫ್‌ನಲ್ಲಿ ಅಲ್ಲ. ಊರಿನಿಂದ ಬಹಳ ದೂರದ ನಿಶ್ಶಬ್ದ ಜಾಗದಲ್ಲೂ 14 ಮೆಗಾಹರ್ಟ್ಸ್‌ನಲ್ಲಿ ಆಂಟೆನಾ ಹಿಡಿಯುವ ಹೊರಗಿನ ಗದ್ದಲ, ಬಿಸಿಯ ಕಾರಣಕ್ಕೆ ಹುಟ್ಟುವ ಮೂಲ ಗದ್ದಲಕ್ಕಿಂತ ಇಪ್ಪತ್ತು ಡೆಸಿಬೆಲ್ಲಿಗೂ ಮೇಲಿರುತ್ತದೆ. ಗುಡುಗು ಮಿಂಚಿನದು, ಆಕಾಶಗಂಗೆಯದು ಎಲ್ಲ ಅದರಲ್ಲಿ ಸೇರಿದೆ. ಕೇಬಲ್ ಒಂದು ಡೆಸಿಬೆಲ್ ತಗ್ಗಿಸಿದರೆ ಸಿಗ್ನಲ್ಲೂ ತಗ್ಗುತ್ತದೆ, ಗದ್ದಲವೂ ಅಷ್ಟೇ ತಗ್ಗುತ್ತದೆ. ಎರಡರ ನಡುವಿನ ಅಂತರ ಇದ್ದಲ್ಲೇ ಇರುತ್ತದೆ. ವಾಲ್ಯೂಮ್ ತುಸು ಏರಿಸಿದರೆ ಮುಗಿಯಿತು.

ಆದರೆ 145 ಮೆಗಾಹರ್ಟ್ಸ್‌ಗೆ, ಅಲ್ಲಿಂದ 435ಕ್ಕೆ ಏರಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಹೊರಗಿನ ಗದ್ದಲ ಕಡಿಮೆ, ರಿಸೀವರಿನ ಸ್ವಂತ ಗದ್ದಲವೇ ಮಿತಿ ಹಾಕುತ್ತದೆ. ಕೇಬಲ್‌ನಲ್ಲಿ ಕಳೆದ ಪ್ರತಿ ಡೆಸಿಬೆಲ್ಲೂ ಕಿವಿಯಿಂದ ನೇರವಾಗಿ ಕಿತ್ತುಕೊಂಡದ್ದೇ. ನಷ್ಟವೂ ಅಲ್ಲಿ ದೊಡ್ಡದು. ಅದೇ ಹತ್ತು ಮೀಟರ್ ಆರ್‌ಜಿ-174 ಎರಡು ಮೀಟರ್ ಬ್ಯಾಂಡಿನಲ್ಲಿ ಮೂರು ಡೆಸಿಬೆಲ್ಲಿಗೂ ಹೆಚ್ಚು ನುಂಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಪವರ್. 435ರಲ್ಲಿ ಆರೂವರೆ. ಐದು ವ್ಯಾಟ್ ಹೋಗಿ ಒಂದು ವ್ಯಾಟ್ ಚಿಲ್ಲರೆ ಉಳಿಯುತ್ತದೆ. ಅಲ್ಲಿ ನನ್ನ ಎದುರಾಳಿಗಳು ಹೇಳುವುದೇ ಸರಿ. ನಾನು ಬರೆದದ್ದು ಎಚ್‌ಎಫ್ ಬಗ್ಗೆ, ಅವರು ಉತ್ತರಿಸಿದ್ದು ವಿಎಚ್‌ಎಫ್ ಅನುಭವದಿಂದ. ಅರ್ಧ ಜಗಳ ಇದರಿಂದಲೇ ಹುಟ್ಟಿದ್ದು.

ವಿಚಿತ್ರವೆಂದರೆ, ವಿಎಚ್‌ಎಫ್, ಯುಎಚ್‌ಎಫ್‌ನಲ್ಲಿ ತೆಳು ಕೇಬಲ್ಲಿನ ಪರ ವಹಿಸಿದ ಒಬ್ಬ ತರುಣ ಹ್ಯಾಮ್ ನನ್ನ ಬೆಂಬಲಕ್ಕೆ ಬಂದಿದ್ದಾರೆ. ಅವರ ಬೆಂಬಲ ನನಗೆ ಬೇಡ. ಅವರ ಪುರಾವೆ ಹೀಗಿದೆ: 435ರಲ್ಲಿ ಹತ್ತು ಮೀಟರ್ ಆರ್‌ಜಿ-174 ಹಾಕಿದ್ದೇನೆ, ಎಸ್‌ಡಬ್ಲ್ಯುಆರ್ ಬ್ಯಾಂಡ್ ಪೂರ್ತಿ ಒಂದೂವರೆಯ ಆಸುಪಾಸು, ಆದ್ದರಿಂದ ಕೇಬಲ್ಲೂ ಆಂಟೆನಾವೂ ಚೆನ್ನಾಗಿವೆ. ಅಣ್ಣಾ, ಒಮ್ಮೆ ಆ ಆಂಟೆನಾವನ್ನು ಕಳಚಿಟ್ಟು ಕಡಿಮೆ ಪವರಿನ ಅನಲೈಸರಿನಲ್ಲಿ ಅಳೆದು ನೋಡಿ. ಕೇಬಲ್ಲಿನ ಆಚೆ ತುದಿ ತೆರೆದೇ ಇರಲಿ. ಆಗಲೂ ಮೀಟರ್ ಸುಮಾರು 1.6 ತೋರಿಸುತ್ತದೆ.

ಇದರಲ್ಲಿ ಮಾಯವೇನೂ ಇಲ್ಲ. ರೇಡಿಯೋದಿಂದ ಹೊರಟ ಪವರ್ ಆರೂವರೆ ಡೆಸಿಬೆಲ್ ಕಳೆದುಕೊಂಡು ತುದಿ ಮುಟ್ಟುತ್ತದೆ. ಅಲ್ಲಿ ಆಂಟೆನಾ ಇಲ್ಲದ್ದರಿಂದ ಪೂರ್ತಿ ಹಿಂದಿರುಗುತ್ತದೆ. ಹಿಂದಿರುಗುವ ದಾರಿಯಲ್ಲಿ ಮತ್ತೆ ಆರೂವರೆ ಕಳೆದುಕೊಳ್ಳುತ್ತದೆ. ಮೀಟರಿಗೆ ಕಾಣುವುದು ಹೊರಟದ್ದಕ್ಕಿಂತ 13 ಡೆಸಿಬೆಲ್ ಕಡಿಮೆಯಾಗಿ ವಾಪಸು ಬಂದ ಚೂರು. ಅಷ್ಟನ್ನು ನೋಡಿ ಅದು "ಪರವಾಗಿಲ್ಲ, ಹೆಚ್ಚೇನೂ ವಾಪಸು ಬರುತ್ತಿಲ್ಲ" ಎಂದು ವರದಿ ಕೊಡುತ್ತದೆ. ಉಳಿದದ್ದೆಲ್ಲ ಕೇಬಲ್ಲಿನೊಳಗೆ ಬಿಸಿಯಾಗಿ ಕರಗಿದೆ. ನಷ್ಟ ಹೆಚ್ಚಿದಷ್ಟೂ ಎಸ್‌ಡಬ್ಲ್ಯುಆರ್ ಚೆಂದ ಕಾಣುತ್ತದೆ. ನೀರು ಹೊಕ್ಕು ಹಾಳಾದ ಕೇಬಲ್ ಎಷ್ಟೋ ಸಲ ಹೊಸದಕ್ಕಿಂತ ಒಳ್ಳೆಯ ಅಂಕಿ ಕೊಡುವುದು ಇದೇ ಕಾರಣಕ್ಕೆ. ಕೇಬಲ್ಲಿನ ಗುಣ ಅಳೆಯಲು ಎಸ್‌ಡಬ್ಲ್ಯುಆರ್ ಮೀಟರನ್ನು ಸಾಕ್ಷಿಗೆ ಕರೆಯುವುದಾದರೆ ಆಚೆ ತುದಿಯನ್ನು ತೆರೆದಿಟ್ಟೋ ಶಾರ್ಟ್ ಮಾಡಿಯೋ ಕರೆಯಬೇಕು. ಆಗ ಅದು ಎಷ್ಟು ಕೆಟ್ಟ ಅಂಕಿ ಕೊಟ್ಟರೆ ಕೇಬಲ್ ಅಷ್ಟು ಒಳ್ಳೆಯದು.

ಹಾಗೆಂದು ಯುಎಚ್‌ಎಫ್ ಎಂದಾಕ್ಷಣ ಎಲ್‌ಎಂಆರ್-400 ಕಡೆಗೆ ಓಡಬೇಕಾಗಿಲ್ಲ. ಉಪಗ್ರಹದ ಮೂಲಕ ಮಾತಾಡುವವರನ್ನು ನೋಡಿ. ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ 435ರಲ್ಲಿ ಕೇಳಿ 145ರಲ್ಲಿ ಮಾತಾಡುತ್ತಿತ್ತು. ಅದರ ಕಾಲ ಮುಗಿದಿದೆ. ಈಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ 437.8ರಲ್ಲಿ ಮಾತಾಡುತ್ತದೆ. ಕೈಯಲ್ಲಿ ಯಾಗಿ ಆಂಟೆನಾ ಹಿಡಿದು ಆಕಾಶದತ್ತ ತಿರುಗಿಸುತ್ತ ನಿಲ್ಲುವವರಿಗೆ ಆಂಟೆನಾದಿಂದ ರೇಡಿಯೋಗೆ ಬೇಕಾದ್ದು ಒಂದು ಮೀಟರ್ ಕೇಬಲ್. ಒಂದು ಮೀಟರ್ ಆರ್‌ಜಿ-316 ಅಲ್ಲಿ ಕಳೆಯುವುದು ಅರ್ಧ ಡೆಸಿಬೆಲ್ಲಿಗೆ ತುಸು ಮೇಲೆ, ಅಷ್ಟೇ. ಅದರ ಬದಲು ಬಗ್ಗದ ದಪ್ಪ ಕೇಬಲ್ ಸಿಕ್ಕಿಸಿದರೆ ಮಣಿಕಟ್ಟು ತಿರುಗಿಸಿದಾಗಲೆಲ್ಲ ಆ ಸೆಟೆತದ ಭಾರ ಕೈರೇಡಿಯೋದ ಎಸ್‌ಎಂಎ ಸಾಕೆಟ್ಟಿನ ಮೇಲೆ ಬೀಳುತ್ತದೆ. ಆ ಸಾಕೆಟ್ಟು ಒಳಗೆ ಬೋರ್ಡಿಗೆ ಬೆಸುಗೆಯಾಗಿರುವಂಥದ್ದು. ಒಂದು ದಿನ ಕಿತ್ತುಬರುತ್ತದೆ. ಆಂಟೆನಾ ಎತ್ತರದಲ್ಲಿದ್ದು, ಕೇಬಲ್ ಹತ್ತು ಮೀಟರ್ ಓಡಬೇಕಾದ ಕಡೆ ಮಾತ್ರ ಎಲ್‌ಎಂಆರ್-400 ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆ. 435ರಲ್ಲೂ ಅದರ ನಷ್ಟ ಒಂದು ಡೆಸಿಬೆಲ್ಲಿನೊಳಗೆ ನಿಲ್ಲುತ್ತದೆ.

"ಒಳ್ಳೆಯದು ಎಂದಿಗೂ ಒಳ್ಳೆಯದೇ, ಎಚ್‌ಎಫ್‌ಗೂ ಅದನ್ನೇ ಒಯ್ಯಿರಿ" ಎನ್ನುವವರು ಆ ಕೇಬಲ್ಲನ್ನು ಮಳೆ ಗಾಳಿಯಲ್ಲಿ ಸುತ್ತಿ ಬಿಚ್ಚಿ ಮಾಡಿದವರಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಅದು ಗೋಪುರಕ್ಕೆ ಒಮ್ಮೆ ಬಿಗಿದರೆ ವರ್ಷಗಟ್ಟಲೆ ಅಲುಗದಿರಲು ಹುಟ್ಟಿದ ಕೇಬಲ್. ಒಳತಂತಿ ತಾಮ್ರ ಹೊದಿಸಿದ ಒಂಟಿ ಅಲ್ಯೂಮಿನಿಯಂ ಸರಳು, ಸುತ್ತ ನೊರೆಯಂಥ ಪ್ಲಾಸ್ಟಿಕ್, ಅದರ ಮೇಲೆ ಫಾಯಿಲ್. ಒಮ್ಮೆ ಬಗ್ಗಿಸಿ ಬಿಡಲು ಎರಡೂವರೆ ಸೆಂಟಿಮೀಟರ್ ತ್ರಿಜ್ಯ ಸಾಕು, ಮತ್ತೆ ಮತ್ತೆ ಬಗ್ಗಿಸುವುದಾದರೆ ಹತ್ತು ಸೆಂಟಿಮೀಟರ್ ಬೇಕು ಎಂದು ತಯಾರಕರೇ ಹೇಳುತ್ತಾರೆ. ಬೆನ್ನುಚೀಲದಲ್ಲಿ ಅಷ್ಟು ಅಗಲದ ಸುರುಳಿ ಕೂತರೆ ಊಟದ ಡಬ್ಬಿಗೆ ಜಾಗವಿರುವುದಿಲ್ಲ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಸಮ್ಮಿಟ್ಸ್ ಆನ್ ದಿ ಏರ್’ ಎಂಬ ಶಿಖರ ಹತ್ತುವ ಹ್ಯಾಮ್‌ಗಳ ಆಟದ ನಿಯಮ, ಕೊನೆಯ ಏರನ್ನು ವಾಹನದ ನೆರವಿಲ್ಲದೆ ಎಲ್ಲ ಸಾಮಾನು ಹೊತ್ತು ಏರಬೇಕೆನ್ನುತ್ತದೆ. ಆ ಆಟ ಆಡದವರಿಗೂ ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲಿನ ಏರು ಅದೇ ನಿಯಮವನ್ನು ತಾನಾಗಿ ಹೇರುತ್ತದೆ. ಎರಡು ಲೀಟರ್ ನೀರು ಹೊರುವುದೋ ಕೇಬಲ್ ಹೊರುವುದೋ ಎಂಬ ಪ್ರಶ್ನೆ ಬಂದಾಗ ನಾನಂತೂ ನೀರಿನ ಪಕ್ಷ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಟ್ಯೂನರಿನ ಪ್ರಶ್ನೆ. ಕೇಳಿದವರು ಒಬ್ಬರೇ, ಆದರೆ ಕೇಳಿದ್ದು ಸರಿಯಾದ ಜಾಗದಲ್ಲಿ. ಎಷ್ಟೋ ಜನ ಬೆಟ್ಟಕ್ಕೆ ಅನುರಣನದ ಡೈಪೋಲ್ ಒಯ್ಯುವುದಿಲ್ಲ. ಸಿಕ್ಕಷ್ಟು ಉದ್ದದ ತಂತಿ ಎಸೆದು, ರೇಡಿಯೋದೊಳಗಿನ ಟ್ಯೂನರಿನ ಗುಂಡಿ ಒತ್ತುತ್ತಾರೆ. ಟಕಟಕ ಸದ್ದಾಗಿ ಎಸ್‌ಡಬ್ಲ್ಯುಆರ್ 1.1 ಆಗುತ್ತದೆ, ಎಲ್ಲ ಸರಿಯಾಯಿತೆಂದು ಮೈಕ್ ಹಿಡಿಯುತ್ತಾರೆ. ಸರಿಯಾದದ್ದು ರೇಡಿಯೋ ಮತ್ತು ಕೇಬಲ್ಲಿನ ನಡುವೆ ಮಾತ್ರ. ಕೇಬಲ್ಲಿನ ಆಚೆ ತುದಿಯಲ್ಲಿ ಎಸ್‌ಡಬ್ಲ್ಯುಆರ್ ಹತ್ತಿದ್ದರೆ ಅದು ಹತ್ತೇ ಆಗಿರುತ್ತದೆ, ಪವರ್ ಅತ್ತಿಂದಿತ್ತ ಓಡಾಡುತ್ತ ಪ್ರತಿ ಓಟಕ್ಕೂ ಸುಂಕ ಕಟ್ಟುತ್ತಿರುತ್ತದೆ. ಆಗ ಹತ್ತು ಮೀಟರ್ ಆರ್‌ಜಿ-174ರ ನಷ್ಟ 1.2ಕ್ಕೆ ನಿಲ್ಲದೆ ನಾಲ್ಕು ಡೆಸಿಬೆಲ್ ಹತ್ತಿರ ಹೋಗುತ್ತದೆ. ಆರ್‌ಜಿ-58ರಲ್ಲಿ ಅದು ಎರಡೂಕಾಲರಷ್ಟು.

ಇಲ್ಲಿ ತೆಳು ಕೇಬಲ್ ಸೋಲುತ್ತದೆ, ಮುಚ್ಚಿಡುವುದೇನಿಲ್ಲ. ಆದರೆ ಆರ್‌ಜಿ-58 ಗೆಲ್ಲುತ್ತದೆ ಎನ್ನುವ ಹಾಗೂ ಇಲ್ಲ. ಎರಡೂಕಾಲು ಡೆಸಿಬೆಲ್ ಎಂದರೆ ಹತ್ತಿರ ಹತ್ತಿರ ನಲವತ್ತು ಪ್ರತಿಶತ ಪವರ್. ಕೇಬಲ್ ದಪ್ಪ ಮಾಡುವುದು ಇದಕ್ಕೆ ಮದ್ದಲ್ಲ, ಆಂಟೆನಾವನ್ನೇ ಸರಿಪಡಿಸಬೇಕು. ತೋಳುಗಳ ನಡುವೆ ಕೊಂಡಿ ಹಾಕಿ, ಬೇಕಾದ ಬ್ಯಾಂಡಿಗೆ ಬೇಕಾದಷ್ಟೇ ಉದ್ದವನ್ನು ಜೋಡಿಸುವ ಲಿಂಕ್ಡ್ ಡೈಪೋಲ್ ಮಾಡಿಕೊಳ್ಳಿ. ಇಲ್ಲವೆ ಅರ್ಧ ಅಲೆಯುದ್ದದ ತಂತಿಯ ತುದಿಗೆ 49:1 ಟ್ರಾನ್ಸ್‌ಫಾರ್ಮರ್ ಇಟ್ಟು ಅಲ್ಲಿಂದ ಕೇಬಲ್ ಶುರುಮಾಡಿ. ಕಂಡಕಂಡ ತಂತಿಯನ್ನೇ ಹಾಕುವ ಹಟವಿದ್ದರೆ ಟ್ಯೂನರ್ ತಂತಿಯ ಬುಡದಲ್ಲಿರಲಿ, ಕೇಬಲ್ ಅದಾದ ಮೇಲೆ ಬರಲಿ. ರೇಡಿಯೋವನ್ನೇ ತಂತಿಯ ಬುಡಕ್ಕೆ ಒಯ್ದು ಕೂತರೆ ಕೋಯಾಕ್ಸೇ ಬೇಡ, ಆಗ ಈ ಲೇಖನವೂ ಬೇಡ.

ಕೇಬಲ್ಲಿನ ಉದ್ದ ಅರ್ಧ ಅಲೆಯುದ್ದದ ಗುಣಕದಲ್ಲೇ ಇರಬೇಕು, ನೀವು "ಎಂಟೋ ಹತ್ತೋ" ಎಂದು ಉದಾಸೀನವಾಗಿ ಬರೆದಿದ್ದೀರಿ ಎಂದು ಗದರಿದವರಿಗೆ ಚುಟುಕು ಉತ್ತರ: ಆಂಟೆನಾ 50 ಓಮ್‌ಗೆ ಹೊಂದಿದ್ದರೆ ಕೇಬಲ್ ಯಾವ ಉದ್ದದಲ್ಲಾದರೂ 50 ಓಮ್ ಕೇಬಲ್ಲೇ. ಉದ್ದ ಬದಲಿಸಿದಾಗ ಎಸ್‌ಡಬ್ಲ್ಯುಆರ್ ಎದ್ದುಕಾಣುವಷ್ಟು ಬದಲಾದರೆ ಜಾಲರಿಯ ಹೊರಮೈ ಮೇಲೆ ಕರೆಂಟು ಹರಿಯುತ್ತಿದೆ, ಕೇಬಲ್ಲೂ ಆಂಟೆನಾದ ಒಂದು ತುಂಡಾಗಿಬಿಟ್ಟಿದೆ ಎಂದು ತಿಳಿಯಬೇಕು. ಅದಕ್ಕೆ ಕತ್ತರಿ ಬೇಡ, ಫೆರೈಟ್ ಬಳೆಗೆ ಕೆಲವು ಸುತ್ತು ಸುತ್ತಿದ ಚೋಕ್ ಸಾಕು. ಅಂದಹಾಗೆ ತೆಳು ಕೇಬಲ್ ಆದರೆ ಚಿಕ್ಕ ಬಳೆಗೂ ಹತ್ತು ಹನ್ನೆರಡು ಸುತ್ತು ಸಲೀಸಾಗಿ ಕೂರುತ್ತವೆ. ಆರ್‌ಜಿ-213ನ್ನು ಹಾಗೆ ಸುತ್ತಿ ತೋರಿಸಿ ನೋಡೋಣ. ತುದಿಯಿಂದ ಊಡುವ ಅರ್ಧ ಅಲೆಯ ತಂತಿಯಲ್ಲಿ ಮಾತ್ರ ಕೇಬಲ್ಲಿನ ಹೊರಮೈ ಪ್ರತಿಭಾರದ ಕೆಲಸ ಮಾಡುವುದರಿಂದ ಚೋಕನ್ನು ಟ್ರಾನ್ಸ್‌ಫಾರ್ಮರಿಗೆ ಅಂಟಿಸದೆ ಒಂದೆರಡು ಮೀಟರ್ ಬಿಟ್ಟು, ಇಲ್ಲವೆ ರೇಡಿಯೋದ ಹತ್ತಿರ ಹಾಕುವುದು ಮೇಲು.

ಇನ್ನು ಡಿಷ್ ಕೇಬಲ್ಲಿನ ಪಕ್ಷದವರು. ಮನೆಯ ಮಾಡಿನ ಮೇಲೆ ಬಿದ್ದಿರುವ ಆರ್‌ಜಿ-6 ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಕೊಳ್ಳುವುದೇಕೆ ಎನ್ನುತ್ತಾರೆ. ಅದು 75 ಓಮ್ ಎಂಬ ಕಾರಣಕ್ಕೆ ತಳ್ಳಿಹಾಕುವವರ ಜೊತೆ ನಾನಿಲ್ಲ. 75ಕ್ಕೂ 50ಕ್ಕೂ ಇರುವ ಅಂತರದಿಂದ ಹುಟ್ಟುವ ಎಸ್‌ಡಬ್ಲ್ಯುಆರ್ ಒಂದೂವರೆ, ಅದನ್ನು ಯಾವ ರೇಡಿಯೋ ಆದರೂ ತಡೆದುಕೊಳ್ಳುತ್ತದೆ. ನಷ್ಟವೂ ಆರ್‌ಜಿ-58ಕ್ಕಿಂತ ಕಡಿಮೆಯೇ. ಮನೆಯಲ್ಲಿ ಒಮ್ಮೆ ಎಳೆದು ಬಿಡುವುದಾದರೆ ಖಂಡಿತ ಬಳಸಿ. ತೊಂದರೆ ಇರುವುದು ಅದರ ಮೈಕಟ್ಟಿನಲ್ಲಿ. ಫಾಯಿಲ್ಲೂ ಜಾಲರಿಯೂ ಅಲ್ಯೂಮಿನಿಯಂ, ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಹತ್ತಾರು ಸಲ ಸುತ್ತಿ ಬಿಚ್ಚಿದರೆ ಫಾಯಿಲ್ ಬಿರುಕು ಬಿಡುತ್ತದೆ. ಒಳತಂತಿ ತಾಮ್ರ ಬಳಿದ ಉಕ್ಕು, ಒಮ್ಮೆ ಗಂಟಾಗಿ ಮಡಿಚಿದರೆ ನೆಟ್ಟಗಾಗುವುದಿಲ್ಲ. ಎಫ್ ಕನೆಕ್ಟರಿನಲ್ಲಿ ಆ ತಂತಿಯೇ ಪಿನ್ನು, ದಿನವೂ ಹಾಕಿ ತೆಗೆಯುವ ಬಾಳಿಕೆ ಅದಕ್ಕಿಲ್ಲ. ಪುಕ್ಕಟೆ ಎಂದುಕೊಂಡದ್ದು ಶಿಖರದ ಮೇಲೆ ಕೈಕೊಟ್ಟರೆ ಕೆಳಗಿಳಿದು ಬರುವ ಬಸ್ ಚಾರ್ಜೂ ದಂಡ.

ಉಳಿದವರಲ್ಲಿ ದೊಡ್ಡ ಗುಂಪು ಆರ್‌ಜಿ-58ರ ಭಕ್ತರದು. ಅವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಕಾರಿನ ಪಕ್ಕದಲ್ಲೇ ಆಂಟೆನಾ ಎಬ್ಬಿಸುವವರು, ಹದಿನೈದು ಇಪ್ಪತ್ತು ಮೀಟರ್ ಕೇಬಲ್ ಬೇಕಾದವರು, ನೂರು ವ್ಯಾಟಿನ ರೇಡಿಯೋ ಒಯ್ಯುವವರು ಅದನ್ನೇ ಆರಿಸಲಿ. ನೂರು ವ್ಯಾಟಿನಲ್ಲಿ 1.2 ಡೆಸಿಬೆಲ್ ನಷ್ಟವೆಂದರೆ ಆ ತೆಳು ತಂತಿಯೊಳಗೆ 24 ವ್ಯಾಟ್ ಬಿಸಿ. ಮಾತಿನಲ್ಲಿ ಪವರ್ ಏರಿಳಿಯುವುದರಿಂದ ಹೇಗೋ ನಡೆಯುತ್ತದೆ. ಆದರೆ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಹದಿನೈದು ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ಪೂರ್ಣ ಪವರ್ ಒಂದೇ ಸಮನೆ ಹರಿಯುತ್ತದೆ. ಬಿಸಿಲಲ್ಲಿ ಕಾದ ಬಂಡೆಯ ಮೇಲೆ ಸುರುಳಿಯಾಗಿ ಬಿದ್ದ ಆರ್‌ಜಿ-174ರ ಪಾಲಿಥಿನ್ ಒಳಪದರ ಮೆತ್ತಗಾಗಿ ಒಳತಂತಿ ಪಕ್ಕಕ್ಕೆ ಸರಿಯಲು ಇಷ್ಟು ಸಾಕು. ಅಷ್ಟೇ ಸಪೂರದ ಆರ್‌ಜಿ-316ರಲ್ಲಿ ಒಳಪದರ ಟೆಫ್ಲಾನ್, ಇನ್ನೂರು ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಬೆಸುಗೆ ಕಡ್ಡಿ ತಾಗಿದರೂ ಕರಗುವುದಿಲ್ಲ. ಬೆಲೆ ಹೆಚ್ಚು. ಸುತ್ತಿದ ಆಕಾರವನ್ನು ಬಿಡದೆ ಸ್ಪ್ರಿಂಗಿನಂತೆ ಪುಟಿಯುವ ಹಟಮಾರಿ ಗುಣವೂ ಇದೆ. ಆದರೂ ಎರಡರಲ್ಲಿ ಒಂದನ್ನು ಕೇಳಿದರೆ ನಾನು ಆರ್‌ಜಿ-316 ಎನ್ನುತ್ತೇನೆ. ನಮ್ಮ ಹುಡುಗರು ಹೆಚ್ಚಾಗಿ ಒಯ್ಯುವುದು ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಮೈಕ್ರೋಬಿಟೆಕ್ಸ್‌ನಂಥ ಸುಮಾರು ಹತ್ತು ವ್ಯಾಟಿನ ರೇಡಿಯೋಗಳನ್ನು. ಅವಕ್ಕೆ ಎರಡರಲ್ಲಿ ಯಾವುದಾದರೂ ನಡೆದೀತು.

ಬ್ಯಾಂಡ್ ಇಳಿದಂತೆ ತೆಳು ಕೇಬಲ್ಲಿನ ನಷ್ಟ ಬಹಳ ಇಳಿಯಬೇಕಲ್ಲವೆ ಎಂದು ನನ್ನ ಪರವಾಗಿಯೇ ಒಬ್ಬರು ವಾದಿಸಿದ್ದಾರೆ. ಇಳಿಯುತ್ತದೆ, ಆದರೆ ಅವರೆಣಿಸಿದಷ್ಟಲ್ಲ. ಈ ಎರಡೂ ಕೇಬಲ್‌ಗಳ ಒಳತಂತಿಯ ಎಳೆಗಳು ತಾಮ್ರ ಹೊದಿಸಿದ ಉಕ್ಕು. 7 ಮೆಗಾಹರ್ಟ್ಸ್‌ನಲ್ಲಿ ಕರೆಂಟು ತಾಮ್ರದ ಹೊರಮೈಯಲ್ಲಿ ಸುಮಾರು 25 ಮೈಕ್ರಾನ್ ಆಳಕ್ಕೆ ಇಳಿಯುತ್ತದೆ. ಆವರ್ತನ ಇನ್ನೂ ಕಡಿಮೆಯಾದರೆ ಇನ್ನೂ ಆಳಕ್ಕೆ ಹೋಗಿ ಉಕ್ಕನ್ನು ಮುಟ್ಟುತ್ತದೆ. ಹಾಗಾಗಿ 160 ಮೀಟರ್ ಬ್ಯಾಂಡಿನವರು ನನ್ನ ಮಾತನ್ನು ನಂಬಿ ಈ ಕೇಬಲ್ ಕೊಳ್ಳುವುದು ಬೇಡ. ಬೆಳಗಿನ 40 ಮೀಟರ್ ನೆಟ್ಟಿಗೆ ಸೇರುವವರಿಗೆ ಹತ್ತು ಮೀಟರಿಗೆ ಒಂದು ಡೆಸಿಬೆಲ್ಲಿನೊಳಗೇ ಮುಗಿಯುತ್ತದೆ.

ಆರ್‌ಜಿ-58ರ ಭಕ್ತರಿಗೆ ಒಂದೇ ಮಾತು: ನಿಮ್ಮ ಕೈಯಲ್ಲಿರುವುದು ನಿಜಕ್ಕೂ ಆರ್‌ಜಿ-58ಯೇ ನೋಡಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಳ್ಳೆಯದೂ ಸಿಗುತ್ತದೆ, ಹೆಸರು ಮಾತ್ರ ಅಚ್ಚಾದದ್ದೂ ಸಿಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ತುದಿಯನ್ನು ಎರಡು ಸೆಂಟಿಮೀಟರ್ ಸುಲಿಯಿರಿ. ಜಾಲರಿಯ ಸಂದಿನಲ್ಲಿ ಬಿಳಿಯ ಒಳಪದರ ಧಾರಾಳವಾಗಿ ಕಂಡರೆ ಬಿಟ್ಟುಬನ್ನಿ. ಜಾಲರಿಯ ಎಳೆಯನ್ನು ಕೆರೆದಾಗ ಕೆಂಪು ಹೋಗಿ ಬೆಳ್ಳಿಬಣ್ಣ ಬಂದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಜೇಬಿನಲ್ಲಿ ಪುಟ್ಟ ಅಯಸ್ಕಾಂತವಿರಲಿ. ಆರ್‌ಜಿ-174ರ ಒಳತಂತಿ ಅದಕ್ಕೆ ಅಂಟಿದರೆ ಸಹಜ, ಆರ್‌ಜಿ-58ರದ್ದು ಅಂಟಿದರೆ ಮೋಸ.

ಕನೆಕ್ಟರಿನ ಬಗ್ಗೆ ಬಂದ ಆಕ್ಷೇಪ ಮಳೆಗೂ ಸಂಬಂಧಿಸಿದ್ದು. ಪಿಎಲ್-259 ಇರುವಾಗ ಬಿಎನ್‌ಸಿ ಏಕೆ ಎಂದಿದ್ದಾರೆ. ಎಚ್‌ಎಫ್‌ನಲ್ಲಿ ಎರಡರ ನಷ್ಟದಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಬಿಎನ್‌ಸಿ ಹಗುರ, ಕಾಲು ಸುತ್ತಿಗೆ ಕೂರುತ್ತದೆ, ಚಳಿಗೆ ಮರಗಟ್ಟಿದ ಬೆರಳಿಗೂ ಸಿಗುತ್ತದೆ. ಐಸಿ-705, ಎಫ್‌ಟಿ-818ರ ಮುಂಭಾಗ, ಎಲೆಕ್ರಾಫ್ಟ್ ಕೆಎಕ್ಸ್2 ಎಲ್ಲವೂ ಬಿಎನ್‌ಸಿ ಸಾಕೆಟ್ಟಿನವೇ. ಪಿಎಲ್-259ಕ್ಕೆ ತೆಳು ಕೇಬಲ್ ಕೂರಿಸಲು ರಿಡ್ಯೂಸರ್ ಬೇಕು, ಮೇಲೆ ಅಡಾಪ್ಟರ್ ಬೇಕು, ಎಲ್ಲ ಸೇರಿ ತೂಕ ಏರಿಸುತ್ತವೆ. ನೀರು ತಡೆಯುವ ವಿಷಯದಲ್ಲಿ ಎರಡೂ ನಂಬಿಕೆಗೆ ಯೋಗ್ಯವಲ್ಲ. ಜಾಲರಿ ನೀರನ್ನು ದೀಪದ ಬತ್ತಿ ಎಣ್ಣೆ ಹೀರುವಂತೆ ಹೀರುತ್ತದೆ, ತುದಿಯಲ್ಲಿ ಹೊಕ್ಕ ಹನಿ ಮೀಟರುಗಟ್ಟಲೆ ಒಳಗೆ ಸಾಗಿ ತಾಮ್ರವನ್ನು ಕಪ್ಪಾಗಿಸುತ್ತದೆ. ಡೈಪೋಲಿನ ನಡುವೆ ಕೇಬಲ್ ಸೀಳಿ ಬೆಸೆಯುವ ಜಾಗಕ್ಕೆ ತನ್ನಷ್ಟಕ್ಕೇ ಅಂಟುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಿ, ಕೇಬಲ್ ಕೆಳಮುಖವಾಗಿ ಹೊರಡುವಂತೆ ಕಟ್ಟಿ. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸಿ, ಚೀಲದಲ್ಲೇ ಬಿಟ್ಟರೆ ಮುಂದಿನ ಸಲ ಎಸ್‌ಡಬ್ಲ್ಯುಆರ್ ಬಹಳ ಚೆನ್ನಾಗಿ ಬರುತ್ತದೆ, ಸ್ಟೇಷನ್‌ಗಳು ಮಾತ್ರ ಸಿಗುವುದಿಲ್ಲ.